ಹಂಡೆ ಒಲೆಯೂ ಮರ ಕೊಯ್ಯುವ ಮಿಷನ್ನೂ

ನಮ್ಮ ಬೀದಿಯಲ್ಲಿ ಬೆಳಗಾಗುವುದು ಕೋಳಿ ಕೂಗಿ ಅಲ್ಲ, ನಾನು ಕೆಮ್ಮಿ. ಮಾಗಡಿಯಲ್ಲಿ ಈಗ ಎಂಥೆಂಥವರ ಬಚ್ಚಲಲ್ಲೂ ಗೀಸರ್ ಇದೆ. ಪಕ್ಕದ ಮನೆ ಸರಸಮ್ಮನ ಮಾಳಿಗೆ ಮೇಲೆ ಸೋಲಾರ್ ಕೂತಿದೆ. ಆಕೆ ನಲ್ಲಿ ತಿರುಗಿಸಿ, ಸ್ನಾನ ಮುಗಿಸಿ, ಪೌಡರ್ ಬಳಿದುಕೊಂಡು ಹೊರಗೆ ಬರುವ ಹೊತ್ತಿಗೆ ನಾನಿನ್ನೂ ಬಚ್ಚಲ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಗೊಳವೆ ಊದುತ್ತಿರುತ್ತೇನೆ. (ಇದೇ ಉಸಿರನ್ನು ಕೊಳಲಿಗೆ ಹಾಕಿದ್ದರೆ ಇಷ್ಟರಲ್ಲಿ ಕಛೇರಿ ಕೊಡುತ್ತಿದ್ದೆ.) ಇದಕ್ಕೆಲ್ಲ ಮೂಲ ಕಾರಣ ನಮ್ಮ ಅತ್ತೆ ಬಸವಲಿಂಗಮ್ಮನವರು.

"ಗೀಸರ್ ನೀರು ಮೈ ಮ್ಯಾಲೆ ಬಿದ್ದು ಹಂಗೇ ಹರ್ಕೊಂಡ್ ಹೋಯ್ತದೆ ಕಣೆ ಹೇಮ. ಹಂಡೆ ನೀರು ಮೂಳೆ ಒಳೀಕೆ ಇಳೀತದೆ."

"ಇಳಿದ ಮೇಲೆ ಏನ್ ಮಾಡ್ತದೆ ಅತ್ತೆ?"

"ಅಲ್ಲೇ ಇರ್ತದೆ."

ಇಂಥ ವಿಜ್ಞಾನದ ಎದುರು ವಾದ ಮಾಡಿ ಗೆದ್ದವರಿಲ್ಲ. ಆದರೆ ಹೋದ ವರ್ಷ ದೇವರು ನನ್ನ ಕಡೆಗೂ ಒಮ್ಮೆ ತಿರುಗಿ ನೋಡಿದ. ನಮಗೆ ಸೌದೆ ಒಡೆದು ಕೊಡುತ್ತಿದ್ದ ಬೋರಲಿಂಗಯ್ಯ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ಗೆದ್ದುಬಿಟ್ಟ. ಈಗಲೂ ಮನೆಗೆ ಬರುತ್ತಾನೆ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ. ಕೆಂಪಾಪುರದ ತೋಟದಲ್ಲಿ ಗಾಳಿಗೆ ಬಿದ್ದ ನಮ್ಮ ಹಳೇ ಮಾವಿನ ಮರವನ್ನು ಟ್ರ್ಯಾಕ್ಟರಿನಲ್ಲಿ ತಂದು ಹಿತ್ತಲಿಗೆ ಉರುಳಿಸಿದ್ದೆವಲ್ಲ, ಆ ದಿಮ್ಮಿಯ ಮೇಲೇ ಟವೆಲ್ ಹಾಸಿ ಕೂತು ಕಾಫಿ ಕುಡಿಯುತ್ತಾನೆ.

"ಒಡೀಬೋದಿತ್ತು ಕಣವ್ವ. ಆದ್ರೆ ಮೆಂಬ್ರು ಕೊಡ್ಲಿ ಹಿಡ್ಕೊಂಡ್ ನಿಂತ್ರೆ ಜನ ತಪ್ಪು ತಿಳ್ಕೊತಾರೆ."

ಸೌದೆ ಕೊಟ್ಟಿಗೆ ಖಾಲಿಯಾಗುತ್ತ ಬಂತು. ಸಮಯ ನೋಡಿ ನಾನು ಅತ್ಯಂತ ವಿನಯದಿಂದ ಗೀಸರಿನ ಪ್ರಸ್ತಾವ ಮಂಡಿಸಿದೆ. ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ನಿಧಾನವಾಗಿ ಅಗಿದು ಮುಗಿಸಿದರು. ಆಮೇಲೆ ತೀರ್ಪು ಬಂತು.

"ನೀರು ತುಂಬೋ ಹಬ್ಬದ ಹೊತ್ಗೆ ಆ ಮರ ಸೌದೆ ಆಗ್ದಿದ್ರೆ ನಿನ್ನ ಡಬ್ಬ ತಂದು ಗೋಡೆಗೆ ನೇತಾಕು, ನಾನು ತುಟಿ ಬಿಚ್ಚಕ್ಕಿಲ್ಲ. ಸೌದೆ ಆಯ್ತು ಅನ್ನು, ನಾನಿರೋಗಂಟ ಆ ಮಾತು ಈ ಮನೇಲಿ ಏಳಬಾರ್ದು."

ದೀಪಾವಳಿಗೆ ಇನ್ನೂ ತಿಂಗಳಿಗೂ ಮೇಲಿತ್ತು. ದಿಮ್ಮಿ ಆನೆಯ ಹಾಗೆ ಬಿದ್ದಿತ್ತು. ನಾನು ಒಪ್ಪಿಕೊಂಡೆ. ಅವತ್ತೇ ಮೊಬೈಲಿನಲ್ಲಿ ಗೀಸರಿನ ಬಣ್ಣವನ್ನೂ ಆರಿಸಿಟ್ಟೆ.

ಲೆಕ್ಕದಲ್ಲಿ ನಾನು ಮರೆತದ್ದು ನನ್ನ ಗಂಡನನ್ನು. ನಮ್ಮ ಯಜಮಾನರು ವೀರೇಂದ್ರ, ಬಸ್ ಸ್ಟ್ಯಾಂಡ್ ಹತ್ತಿರ ಪಂಚೆ ಟವೆಲ್ ಅಂಗಡಿ ಇಟ್ಟಿದ್ದಾರೆ. ಜೀವನದಲ್ಲಿ ಬ್ಲೌಸ್ ಪೀಸಿಗಿಂತ ಗಟ್ಟಿಯಾದದ್ದನ್ನು ಕತ್ತರಿಸಿದವರಲ್ಲ. ಅವರು ಊಟದ ತಟ್ಟೆ ಮುಂದೆ ಘೋಷಿಸಿದರು: "ಮರ ಕೊಯ್ಯೋ ಮಿಷನ್ ತಂದುಬಿಡ್ತೀನಿ ಕಣವ್ವ. ಒಂದೇ ದಿನದ ಕೆಲಸ."

ತಡೆಯೋಣವೆಂದು ಮಿಷನ್ ಅಂಗಡಿಗೆ ನಾನೂ ಜೊತೆಗೆ ಹೋದೆ. ಅಂಗಡಿಯ ಖಲಂದರ್ ಸಾವಧಾನದ ಮನುಷ್ಯ. "ಅಣ್ಣ, ಕರೆಂಟಿಂದು ಬ್ಯಾಡ, ಹಿತ್ತಲಗಂಟ ವೈರ್ ಎಳೀಬೇಕು. ಪೆಟ್ರೋಲಿಂದು ತಗೊಳ್ಳಿ. ಮನೆ ಸೌದೆಗೆ ಚೈನ್ ಸುತ್ತೋ ಬಾರ್ ಹದಿನೆಂಟು ಇಂಚಿಂದು ಸಾಕು, ಕೈ ನೋಯಲ್ಲ."

"ಅದ್ಕಿಂತ ದೊಡ್ಡದು ಯಾವುದೈತೆ?" ಅಂದರು ಇವರು.

ಇಪ್ಪತ್ತೆರಡು ಇಂಚಿನದು ಬಂತು. ಹಗ್ಗ ಎಳೆದದ್ದೇ ತಡ, ಸದ್ದಿಗೆ ಇವರ ಮುಖದಲ್ಲಿ ಮದುವೆ ದಿನ ಕಾಣದ ಕಳೆ ಕಂಡಿತು. ಪಾಪ ಖಲಂದರ್ ಆ ಗದ್ದಲದಲ್ಲೇ ಪಾಠ ಹೇಳುತ್ತಿದ್ದ. ಪೆಟ್ರೋಲಿಗೆ ಟೂಟಿ ಆಯಿಲ್ ಅಳತೆ ಮಾಡಿ ಬೆರೆಸಬೇಕು, ಚೈನಿಗೆ ಬೇರೆ ಆಯಿಲ್ ಬಿಡಬೇಕು, ಹಲ್ಲು ಮೊಂಡಾದರೆ ದುಂಡನೆ ಅರದಲ್ಲಿ ಉಜ್ಜಬೇಕು. "ಚೈನ್ ಬಿಚ್ಚಿ ಹಾಕುವಾಗ ಹುಷಾರು, ಬಾರ್ ಮೇಲಿನ ಬಾಣ ನೋಡ್ಕೊಂಡು ಹಾಕಿ. ಹಲ್ಲು ಉಲ್ಟಾ ಆದ್ರೆ ಬೆಣ್ಣೇನೂ ಕೊಯ್ಯಲ್ಲ." ಇವರು ಸದ್ದು ಕೇಳುತ್ತಿದ್ದರು. ಪಾಠ ಕೇಳಿಸಿಕೊಂಡವಳು ನಾನೊಬ್ಬಳೇ.

ಮರುದಿನವೇ ಆಯುಧಪೂಜೆ. ಪೂಜೆಗೆ ಇಡುವ ಸಾಮಾನು ಬಿಚ್ಚಿ, ತೊಳೆದು, ಒಣಗಿಸಿಯೇ ಇಡಬೇಕೆಂಬುದು ನಮ್ಮ ಅತ್ತೆಯ ಕಟ್ಟಾಜ್ಞೆ. ಹೊಸದಾದರೂ ಅಷ್ಟೇ, ಅಂಗಡಿಯ ಮೈಲಿಗೆ ಇರುತ್ತದಲ್ಲ. ಮಚ್ಚು, ಈಳಿಗೆಮಣೆ, ಇವರ ಬಟ್ಟೆ ಕತ್ತರಿ, ಎಲ್ಲದರ ಜೊತೆ ಮಿಷನ್ನಿನ ಚೈನೂ ಬಚ್ಚಲಿಗೆ ಬಂತು. ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹಪ್ಪಳದ ಪಕ್ಕ ಬಿಸಿಲಿಗೆ ಒಣಹಾಕಿದರು. ಇವರು ಒಣಗಿದ್ದನ್ನು ಎತ್ತಿಕೊಂಡು ಹೋಗಿ ಜೋಡಿಸಿದರು. ಆಮೇಲೆ ಅತ್ತೆ ಬಾರಿನ ಉದ್ದಕ್ಕೂ, ಅದರ ಮೇಲಿದ್ದ ಬಾಣದ ಚಿತ್ರ ಗಿತ್ರವೆಲ್ಲ ಮುಚ್ಚಿಹೋಗುವ ಹಾಗೆ, ಮೂರು ಬೆರಳ ವಿಭೂತಿ ಎಳೆದರು. ಚೈನನ್ನು ಹಿಡಿದಿಡುವ ಮುಚ್ಚಳದ ಎರಡು ನಟ್ಟಿಗೂ ಮೆತ್ತಿ, ಚೆಂಡುಹೂವಿನ ಹಾರ ಹಾಕಿದರು.

"ತಾನಾಗಿ ಉದುರೋಗಂಟ ಈಬತ್ತಿ ಒರೆಸ್ಬಾರ್ದು," ಎಂದೂ ಅಪ್ಪಣೆಯಾಯಿತು.

ಹಬ್ಬ ಕಳೆದ ಭಾನುವಾರ ಮುಹೂರ್ತ. ಇವರು ತಲೆಗೆ ಬೈಕಿನ ಹೆಲ್ಮೆಟ್ಟು, ಕಾಲಿಗೆ ಗಮ್ ಬೂಟು ಏರಿಸಿ ಯುದ್ಧಸನ್ನದ್ಧರಾದರು. ಟೂಟಿ ಆಯಿಲನ್ನು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದರು. (ಆ ಮುಚ್ಚಳ ತೊಳೆಯದೆ ಅಲ್ಲೇ ಇಟ್ಟಿದ್ದರು. ಕೆಮ್ಮುವವಳು ನಾನು. ಆ ಕಥೆ ಬೇಡ.) ಸರಸಮ್ಮ ಕಾಂಪೌಂಡಿನಾಚೆ ಸ್ಟೂಲ್ ಹಾಕಿಕೊಂಡು ಹತ್ತಿದಳು. ಮೆಂಬರ್ ಬೋರಲಿಂಗಯ್ಯ ಮುಖ್ಯ ಅತಿಥಿಯ ಹಾಗೆ ಬಂದು ನಿಂತ.

ಮಿಷನ್ ಗರ್ಜಿಸಿತು. ದಿಮ್ಮಿಗೆ ತಾಗಿತು. ಗುಪ್ಪೆಂದು ಹೊಗೆ ಬಂತು, ಸುಟ್ಟ ವಾಸನೆ ಬಂತು, ಇವರ ಹೊಟ್ಟೆ ಗಟ್ಟಿ ಮೊಸರಿನಂತೆ ಅದುರಿತು. ಮರದ ಮೇಲೆ ಮಾತ್ರ ಯಾರೋ ಕಾಡಿಗೆಯಲ್ಲಿ ಗೀಟು ಹಾಕಿದ ಹಾಗೆ ಒಂದು ಕಪ್ಪು ಗುರುತು ಬಿತ್ತು.

"ಬರೆ ಹಾಕ್ದಂಗಾಯ್ತಲ್ಲಣ್ಣ," ಅಂದ ಮೆಂಬರು. "ನನ್ ಕೊಡ್ಲಿ ಇಷ್ಟು ಮಾತಾಡ್ತಿರ್ಲಿಲ್ಲ, ಆದ್ರೆ ಕೊಯ್ತಿತ್ತು."

"ಹಲ್ಲು ಮೊಂಡಾಗದೆ," ಅಂದರು ಇವರು, ಹೆಲ್ಮೆಟ್ಟಿನೊಳಗಿಂದ.

"ನಿನ್ನೆ ಮೊನ್ನೆ ತಂದದ್ದು ಮೊಂಡಾಗೋಕೆ ಅದೇನು ಕಬ್ಬು ತಿಂದೈತಾ?" ಅಂದೆ ನಾನು. ನನಗಾದ ಸಂತೋಷವನ್ನು ಮುಚ್ಚಿಕೊಳ್ಳಲು ಸೆರಗು ಸಾಲದೆ ಒಳಗೆ ಓಡಿಹೋಗಿ ಅಡಿಗೆಮನೆಯಲ್ಲಿ ನಕ್ಕೆ.

ಆಮೇಲೆ ಇವರು ದಿನವೂ ಅಂಗಡಿ ಮುಚ್ಚಿ ಬಂದು ಅರ ಹಿಡಿದು ಕೂರುವುದೇ ಆಯಿತು. ಚೈನು ಬಿಚ್ಚದೆ, ವಿಭೂತಿ ಕೆಡಿಸದೆ, ಒಂದೊಂದೇ ಹಲ್ಲನ್ನು ಉಜ್ಜುತ್ತಿದ್ದರು. ನನ್ನ ಹಲ್ಲು ನೋವಿಗೆ ಒಂದು ದಿನವೂ ಇಷ್ಟು ಮರುಗಿದವರಲ್ಲ. ಖಲಂದರನ ಹತ್ತಿರ ಒಯ್ಯಿರಿ ಅಂದರೆ ಮರ್ಯಾದೆ ಪ್ರಶ್ನೆ. ನೀರು ತುಂಬುವ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕೊನೆಯ ಹಲ್ಲು ಮುಗಿಸಿ, ಬೆರಳು ತಾಗಿಸಿ ರಕ್ತ ತೋರಿಸಿದರು. "ನೋಡಿದ್ಯಾ? ಬ್ಲೇಡು. ಸಂಜೆ ಬಂದು ಸೌದೆ ರಾಶಿ ಹಾಕ್ತೀನಿ."

ರಕ್ತ ನೋಡಿ ನನಗೆ ಎದೆ ಧಸಕ್ಕೆಂದಿತು. ಗಂಡನಿಗೆ ಗಾಯವಾಯಿತೆಂದಲ್ಲ, ಗೀಸರ್ ಹೋಯಿತೆಂದು. ಗೋಡೆಗೆ ಮೊಳೆ ಹೊಡೆಯುವ ಜಾಗವನ್ನೂ ಗುರುತು ಮಾಡಿಟ್ಟಿದ್ದೆ.

ಮಧ್ಯಾಹ್ನ ಅತ್ತೆ ಉಂಡು ಅಡ್ಡಾದರು. ಗೊರಕೆ ಶ್ರುತಿ ಹಿಡಿಯುವವರೆಗೆ ಕಾದು, ಮಿಷನ್ ಜೊತೆ ಬಂದಿದ್ದ ಸ್ಪ್ಯಾನರ್ ತೆಗೆದುಕೊಂಡು ಹಿತ್ತಲಿಗೆ ಹೋದೆ. ಖಲಂದರನ ಪಾಠ ನೆನಪಿತ್ತು. ನಟ್ಟು ಎರಡು ಬಿಚ್ಚಿದೆ, ಮುಚ್ಚಳ ತೆಗೆದೆ, ಚೈನನ್ನು ಮಗುಚಿ ಹಲ್ಲು ಆ ಕಡೆಯದು ಈ ಕಡೆ ನೋಡುವಂತೆ ಹಾಕಿ, ಹದವಾಗಿ ಎಳೆದು ಮತ್ತೆ ನಟ್ಟು ಬಿಗಿದೆ. ಬಾರಿನ ವಿಭೂತಿ ಕೆಡದಂತೆ ಕೂಸಿನ ಹಾಗೆ ಹಿಡಿದಿದ್ದೆ. ಇನ್ನು ಬೆಣ್ಣೆಯನ್ನು ತಂದಿಟ್ಟರೂ ಕೊಯ್ಯುವುದಿಲ್ಲವೆಂದು ಕೈ ತೊಳೆದು ಬಂದು ಮಲಗಿದೆ. ಇಂಥ ನಿದ್ದೆ ಎಷ್ಟೋ ದಿನದಿಂದ ಬಂದಿರಲಿಲ್ಲ.

ಸಂಜೆ ಇವರು ಹಗ್ಗ ಎಳೆದರು. ದಿಮ್ಮಿಗೆ ತಾಗಿಸಿದರು. ಹಲಸಿನ ಹಣ್ಣಿಗೆ ಚಾಕು ಇಳಿದಂತೆ ಬಾರು ಸರ್ರನೆ ಇಳಿಯಿತು. ಅವಲಕ್ಕಿಯಂಥ ಹೊಟ್ಟು ಚಿಮ್ಮಿತು. ಒಂದು ತುಂಡು ಧೊಪ್ಪನೆ ಬಿತ್ತು. ಹಿಂದೆಯೇ ಇನ್ನೊಂದು.

ನಾನು ಹಿತ್ತಲ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದೆ. ಆಗ ಹೊಳೆಯಿತು. ಹುಣಸೆಹಣ್ಣಿನ ಸ್ನಾನವಾದ ಮೇಲೆ ಇವರು ಚೈನು ಜೋಡಿಸಿದ್ದೇ ಉಲ್ಟಾ; ಅದನ್ನು ಮಗುಚಿ ಸರಿ ಮಾಡಿಟ್ಟವಳು ನಾನು. ಗಂಡ ಮಾಡಿದ ಕೆಲಸ ಸರಿಯಾಗಿಯೇ ಇರುತ್ತದೆ ಎಂದು ಈ ಸಂಸಾರದಲ್ಲಿ ನಾನು ನಂಬಿದ್ದು ಅದೊಂದೇ ಸಲ. ಆ ಒಂದು ಸಲಕ್ಕೆ ಗೀಸರ್ ಕೊಟ್ಟೆ.

"ನೋಡಿದ್ರಾ ಅರದ ಮಹಿಮೆ?" ಇವರು ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡರು. ಸರಸಮ್ಮ ಸ್ಟೂಲಿನ ಮೇಲಿಂದಲೇ ಚಪ್ಪಾಳೆ ತಟ್ಟಿದಳು. ನಾನು ಏನು ಹೇಳಲಿ? ಹೇಳಿದರೆ ಕಳ್ಳತನ ಗೊತ್ತಾಗುತ್ತದೆ, ಹೇಳದಿದ್ದರೆ ಹೊಟ್ಟೆ ಉರಿಯುತ್ತದೆ. ಉರಿಸಿಕೊಂಡೆ.

ಮರುದಿನ ಸಂಜೆ ಹಂಡೆ ತೊಳೆದು ನೀರು ತುಂಬುವ ಹೊತ್ತಿಗೆ ಅತ್ತೆ ನನ್ನನ್ನು ಬಚ್ಚಲಿಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಆ ಮಿಷನ್ ನಟ್ಟಿಗೆ ನಾನು ಈಬತ್ತಿ ಮೆತ್ತಿದ್ನಾ?"

"ಹೂಂ ಅತ್ತೆ."

"ನಿನ್ನೆ ನೋಡ್ತೀನಿ, ಎರಡರ ಮ್ಯಾಲೂ ಇಲ್ಲ. ನೀನು ಮಲಗಿದ್ದಾಗ ನಿನ್ನ ಸೆರಗಲ್ಲಿತ್ತು."

ನಾನು ತಲೆ ತಗ್ಗಿಸಿದೆ. ಅತ್ತೆ ನನ್ನ ಗದ್ದ ಹಿಡಿದು ಎತ್ತಿದರು. ಅವರ ಕಣ್ಣು ತೇವವಾಗಿತ್ತು.

"ಗೀಸರ್ ಆಸೆ ಬುಟ್ಟು, ಕದ್ದು ಮುಚ್ಚಿ ರಿಪೇರಿ ಮಾಡಿ, ಗಂಡನ ಮಾನ ಉಳಿಸ್ಬುಟ್ಟೆ. ಅವನ ಕೈಲಿ ಅದೆಲ್ಲಿ ಆಯ್ತದೆ, ನಂಗೊತ್ತಿಲ್ವಾ ನನ್ ಮಗ? ಇನ್ಮುಂದೆ ಆ ಮಿಷನ್ ನಿಂದೇ ಕಣವ್ವ. ಬಿಚ್ಚೋದು, ಹಾಕೋದು, ಕೊಯ್ಯೋದು ಎಲ್ಲಾ ನೀನೇ. ಮೆಂಬ್ರು ಮನೇಲೂ ಒಂದು ಹುಣಸೆ ಮರ ಬಿದ್ದೈತಂತೆ, ನನ್ ಸೊಸೇನ ಕಳಿಸ್ತೀನಿ ಅಂದಿದೀನಿ."

ಅಷ್ಟಕ್ಕೆ ಮುಗಿದಿದ್ದರೆ ಸಹಿಸುತ್ತಿದ್ದೆ. ಅವರು ಮೂಲೆಯಲ್ಲಿದ್ದ ಗೋಣಿಚೀಲ ಸರಿಸಿದರು. ಹಳೆಯ ಹಂಡೆಯ ಎರಡರಷ್ಟು ಗಾತ್ರದ ಹೊಸ ತಾಮ್ರದ ಹಂಡೆ ಫಳಫಳ ಹೊಳೆಯುತ್ತಿತ್ತು.

"ನಿಂಗೆ ಅಂತ್ಲೇ ತರಿಸ್ದೆ," ಅಂದರು. ಅದಕ್ಕೆ ವಿಭೂತಿ ಎಳೆದು, ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಹಚ್ಚಿದರು.

ನಾನು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಗೊಳವೆ ತೆಗೆದುಕೊಂಡೆ. ಹೊಗೆಗೆ ಕಣ್ಣಲ್ಲಿ ಧಾರಾಕಾರ ನೀರು ಬಂತು. ಅತ್ತೆ ಅದನ್ನು ಆನಂದಬಾಷ್ಪವೆಂದು ಸರಸಮ್ಮನಿಗೆ ಹೇಳಿಕೊಂಡು ಬಂದರು.