ಅಬೂ ಸಾಲಿಮರ ಕೋವಿಗಳೂ ನನ್ನ ಕಪಾಟೂ

ಇನ್ನೊಬ್ಬರ ಮನೆಯಲ್ಲಿ ಒಂದು ವಸ್ತು ಬೇಕಾದ್ದಕ್ಕಿಂತ ಹೆಚ್ಚಿದ್ದರೆ ನಾವು ಅದಕ್ಕೆ ಹುಚ್ಚು ಎನ್ನುತ್ತೇವೆ. ನಮ್ಮದೇ ಮನೆಯಲ್ಲಿ ಹಾಗಿದ್ದರೆ 'ಇರಲಿ, ಎಂದಾದರೂ ಬೇಕಾಗುತ್ತದೆ' ಎನ್ನುತ್ತೇವೆ. ಈ ತತ್ತ್ವ ನನ್ನದಲ್ಲ, ನನ್ನ ಹೆಂಡತಿ ಜುಬೈದಾಳದ್ದು. ಅವಳು ಅದನ್ನು ಕಂಡುಹಿಡಿದದ್ದು ನನ್ನನ್ನು ನೋಡಿ ಎನ್ನುವುದೇ ಬೇಸರದ ಸಂಗತಿ. ಎಲ್ಲ ಶುರುವಾದದ್ದು ಕೋವಿಗಳಿಂದ. ಹೆದರಬೇಡಿ, ಈ ಕಥೆಯಲ್ಲಿ ಒಂದು ಗುಂಡೂ ಹಾರುವುದಿಲ್ಲ. ಹೋದದ್ದು ನನ್ನ ಮಾನ ಮತ್ತು ಒಂದು ಟಾರ್ಚು, ಅಷ್ಟೇ.

ನಾನು ಸೌದಿಯ ನಜ್ರಾನಿನಲ್ಲಿ ಟೈಲ್ಸು, ಪೈಪು, ಸಿಮೆಂಟು ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಅಂಗಡಿಯ ಯಜಮಾನರೂ ನನಗೆ ವೀಸಾ ಕೊಟ್ಟ ಕಫೀಲರೂ ಆದ ಅಬೂ ಸಾಲಿಂ ಒಳ್ಳೆಯ ಮನುಷ್ಯ. ಅವರ ಮನೆಯಲ್ಲಿ ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಎಂಬ ದೊಡ್ಡ ಚಾವಡಿ ಉಂಟು. ಅದರ ಗೋಡೆಗೆ ಬಳಿದ ಬಣ್ಣ ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾಕೆಂದರೆ ಗೋಡೆ ತುಂಬ ಕೋವಿಗಳು. ಉದ್ದದ್ದು, ಮೋಟು, ಬೆಳ್ಳಿ ಪಟ್ಟಿ ಕಟ್ಟಿದ್ದು, ಅಜ್ಜನ ಕಾಲದ್ದು. ಎಲ್ಲಕ್ಕೂ ಕಾಗದಪತ್ರ ಸರಿಯಾಗಿದೆಯಂತೆ. ಆದರೆ ಅವುಗಳ ಕೆಳಗೆ ಕೂತು ಖರ್ಜೂರ ತಿನ್ನುವಾಗ ನನಗೆ ಬೀಜ ಎಲ್ಲಿ ಹಾಕಬೇಕೆಂದು ಕೇಳಲೂ ಭಯ.

ನನ್ನ ಭಯಕ್ಕೆ ಕಾರಣವಿದೆ. ಬಂಟ್ವಾಳದ ಆಚೆಗಿರುವ ನನ್ನ ಊರಿನಲ್ಲಿ ಕೋವಿ ಇದ್ದದ್ದು ಒಂದೇ ಮನೆಯಲ್ಲಿ. ಹಂದಿ ಓಡಿಸಲಿಕ್ಕೆಂದು ಲೈಸೆನ್ಸು ತೆಗೆದ ಆ ಕೋವಿ ಮನೆಯಲ್ಲಿದ್ದದ್ದಕ್ಕಿಂತ ಪೊಲೀಸ್ ಠಾಣೆಯಲ್ಲಿ ಇದ್ದದ್ದೇ ಹೆಚ್ಚು. ಪಂಚಾಯತು, ವಿಧಾನಸಭೆ, ಲೋಕಸಭೆ ಎಂದು ಒಂದಲ್ಲ ಒಂದು ಚುನಾವಣೆ. ಪ್ರತಿ ಸಲವೂ ಕೋವಿ ಠೇವಣಿ ಇಡಬೇಕು. ಹಂದಿಗಳಿಗೂ ಚುನಾವಣೆಯ ದಿನಾಂಕ ಗೊತ್ತಿತ್ತೆಂದು ಕಾಣುತ್ತದೆ. ಒಂದು ಕೋವಿಗೇ ಇಷ್ಟು ತಾಪತ್ರಯವಿರುವಾಗ ಒಬ್ಬ ಮನುಷ್ಯನಿಗೆ ಗೋಡೆ ತುಂಬ ಯಾಕೆ?

ಈ ಪ್ರಶ್ನೆಯನ್ನು ನಾನು ದಿನಾ ಸಂಜೆ ಚಹಾದ ಹೊತ್ತಿಗೆ ಪಕ್ಕದ ಬಟ್ಟೆ ಅಂಗಡಿಯ ಇಸ್ಮಾಯಿಲ್ ಸಾಹೇಬರ ಮುಂದಿಡುತ್ತಿದ್ದೆ. ಸಾಹೇಬರು ಭಟ್ಕಳದವರು, ನಜ್ರಾನಿನಲ್ಲಿ ಕೂದಲು ಹಣ್ಣು ಮಾಡಿಕೊಂಡವರು.

"ಭಯ ಸಾಹೇಬ್ರೆ, ಭಯ. ಒಳಗೆ ಪುಕ್ಕಲು ಇದ್ದವನೇ ಹೊರಗೆ ಕೋವಿ ನೇತು ಹಾಕುದು" ಎಂಬುದು ನನ್ನ ವಾದ.

"ಅಲ್ಲ ಭಾಯ್. ನಮ್ಮ ಮನೆ ಶೋಕೇಸಲ್ಲಿ ಒಂದು ಡಿನ್ನರ್ ಸೆಟ್ ಉಂಟು. ನನ್ನ ಮದುವೆಗೆ ಬಂದದ್ದು. ಈಗ ನಾನು ಅಜ್ಜ ಆದೆ. ಇವತ್ತಿನವರೆಗೆ ಅದರಲ್ಲಿ ಯಾರೂ ಒಂದು ತುತ್ತು ಉಂಡದ್ದಿಲ್ಲ. ಅದು ಎಂತ ಭಯಕ್ಕಾ?"

ಪಿಂಗಾಣಿಗೂ ಕೋವಿಗೂ ವ್ಯತ್ಯಾಸವಿಲ್ಲವೇ ಎಂದು ನಾನು ಕೇಳಿದರೆ, "ನೀನು ನಮ್ಮ ಮನೆಯವಳ ಎದುರು ಆ ಸೆಟ್ಟಿನ ಒಂದು ಕಪ್ ಒಡೆದು ನೋಡು, ಯಾವುದು ಅಪಾಯ ಅಂತ ಗೊತ್ತಾಗ್ತದೆ" ಎಂದು ಅವರು ಗ್ಲಾಸು ಕೆಳಗಿಡುತ್ತಿದ್ದರು.

ಹೀಗಿರುವಾಗ ಒಂದು ದಿನ ಮಜ್ಲಿಸಿನಲ್ಲಿ ಮಾತಿಗೆ ಮಾತು ಸಿಗದೆ, ಬೆಳ್ಳಿ ಪಟ್ಟಿಯ ಕೋವಿಯೊಂದನ್ನು ತೋರಿಸಿ "ಬಹಳ ಚೆನ್ನಾಗಿದೆ" ಎಂದುಬಿಟ್ಟೆ. ಅಬೂ ಸಾಲಿಂ ಎದ್ದರು, ಕೋವಿ ಇಳಿಸಿದರು, ನನ್ನ ಮಡಿಲಲ್ಲಿಟ್ಟು "ತಫದ್ದಲ್, ತಗೋ, ಇನ್ನು ಇದು ನಿನ್ನದು" ಎಂದರು. ಅದೃಷ್ಟಕ್ಕೆ ನಮ್ಮ ಕರಾವಳಿಯವರ ಬಾಯಿಗೆ ಒಂದು ಅಭ್ಯಾಸ ಉಂಟು. ಯಾರು ಏನು ಕೊಟ್ಟರೂ ಮೊದಲು ಬರುವ ಮಾತು 'ಬೇಡ, ಬೇಡ'. ಹಸಿದು ಸಾಯುತ್ತಿದ್ದರೂ 'ಈಗ ತಿಂದು ಬಂದದ್ದಷ್ಟೇ' ಎನ್ನುವವರು ನಾವು. ಆ ಅಭ್ಯಾಸ ನನ್ನನ್ನು ಕಾಪಾಡಿತು. ಕೋವಿ ಮೊಳೆಗೆ ಮರಳಿತು. ವಿಷಯ ಕೇಳಿದ ಇಸ್ಮಾಯಿಲ್ ಸಾಹೇಬರು ಹಣೆ ಚಚ್ಚಿಕೊಂಡರು. "ಇವರ ಮನೆಯಲ್ಲಿ ಯಾವುದನ್ನೂ ಹೊಗಳ್ಬಾರದು ಮಾರಾಯ. ಹೊಗಳಿದ್ರೆ ಕೊಡ್ಲೇಬೇಕು, ಅದು ಅವರ ಮರ್ಯಾದೆ."

ಇದನ್ನೆಲ್ಲ ಮನೆಗೆ ಬಂದು ಜುಬೈದಾಳಿಗೆ ರಸವತ್ತಾಗಿ ಹೇಳಿ, "ಒಬ್ಬ ಮನುಷ್ಯನಿಗೆ ಅಷ್ಟು ಕೋವಿ ಎಂತಕ್ಕೆ?" ಎಂದು ಮುಗಿಸಿದೆ. ಅವಳು ಎದ್ದು ಹೋಗಿ ಒಳಕೋಣೆಯ ಕಪಾಟಿನ ಬಾಗಿಲು ತೆರೆದಳು.

ಈಗ ಆ ಕಪಾಟಿನ ಬಗ್ಗೆ ಹೇಳಲೇಬೇಕು. ಅದರಲ್ಲಿರುವುದು ಟಾರ್ಚುಗಳು. ಹೆಗಲಿಗೆ ಹಾಕುವ ಪಟ್ಟಿಯದ್ದು, ತಲೆಗೆ ಕಟ್ಟುವುದು, ರೇಡಿಯೋ ಇರುವುದು, ನೀರಿನೊಳಗೂ ಉರಿಯುವುದು. ನನಗೆ ಈಜು ಬರುವುದಿಲ್ಲ. ನಜ್ರಾನಿನಲ್ಲಿ ಕರೆಂಟೂ ಹೋಗುವುದಿಲ್ಲ. ಆದರೆ ಒಂದೊಂದನ್ನೂ ನಾನು ಊರಿನ ಒಬ್ಬೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೊಂಡದ್ದು. ಊರಿಗೆ ಹೊರಡುವಾಗ ಮಾತ್ರ ಲೆಕ್ಕ ತಪ್ಪುತ್ತದೆ. ಇವನಿಗೆ ಇಷ್ಟು ಒಳ್ಳೆಯದು ಯಾಕೆ, ಅವನು ಹೋದ ಸಲ ನನ್ನನ್ನು ನೋಡಲೂ ಬಂದಿಲ್ಲ ಎಂದು ಒಂದೊಂದೇ ಕಪಾಟಿಗೆ ಮರಳುತ್ತದೆ. ಎಲ್ಲಕ್ಕಿಂತ ಉದ್ದದ, ಉಕ್ಕಿನ ಮೈಯ ಒಂದಿತ್ತು. ಅದು ಜುಬೈದಾಳ ತಮ್ಮ ರಝಾಕನಿಗೆಂದು ತಂದದ್ದು. ಅದರ ಮೇಲೆ ನನಗೆ ಪ್ರಾಣ.

"ನನ್ನ ಉಮ್ಮ ಮಕ್ಕಾಕ್ಕೆ ಉಮ್ರಾ ಮಾಡ್ಲಿಕ್ಕೆ ಬರ್ತಾರೆ. ಆಮೇಲೆ ಸ್ವಲ್ಪ ದಿನ ಇಲ್ಲೇ ಇರ್ತಾರೆ" ಎಂದಳು ಜುಬೈದಾ. "ಅವರ ಬಟ್ಟೆ ಇಡ್ಲಿಕ್ಕೆ ಈ ಕಪಾಟು ಬೇಕು. ಇದನ್ನೆಲ್ಲ ಎಂತ ಮಾಡ್ತೀರಿ, ನೀವೇ ಹೇಳಿ."

ನಾನು ಕಪಾಟಿನ ಬಾಗಿಲು ಮುಚ್ಚಿದೆ. ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಶುಕ್ರವಾರ ನಮಾಝ್ ಮುಗಿಸಿ ಬರುವಷ್ಟರಲ್ಲಿ ಟಾರ್ಚುಗಳೆಲ್ಲ ನಡುಮನೆಯ ಜಮಖಾನದ ಮೇಲೆ ಸಾಲಾಗಿ ಮಲಗಿದ್ದವು. ಅವತ್ತೇ ನಾನು ಊಟಕ್ಕೆ ಕರೆದಿದ್ದ ಅಬೂ ಸಾಲಿಂ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

ಅವರು ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ಮೆಲ್ಲಗೆ, "ಇಷ್ಟು ಯಾಕೆ?" ಎಂದರು.

"ನಮ್ಮ ಊರಿನಲ್ಲಿ ಕರೆಂಟಿಲ್ಲ" ಎಂದೆ ನನ್ನ ಹರಕು ಅರಬ್ಬಿಯಲ್ಲಿ.

"ಇಲ್ಲಿ?"

"ಇಲ್ಲಿ ಉಂಟು."

ಕಾಯಿಲೆಯವರನ್ನು ಸಮಾಧಾನ ಮಾಡುವ ಹಾಗೆ ಅವರು ತಲೆಯಾಡಿಸಿದರು. ಉದ್ದದ ಟಾರ್ಚನ್ನೇ ಎತ್ತಿ ಒತ್ತಿದರು. ಚಾರ್ಜಿಲ್ಲದೆ ಅದು ಉರಿಯಲಿಲ್ಲ. "ಪರವಾಗಿಲ್ಲ, ನನ್ನ ಕೋವಿಗಳಲ್ಲೂ ಗುಂಡಿಲ್ಲ" ಎಂದು ನಕ್ಕು, ಅದನ್ನು ತಿರುಗಿಸಿ ನೋಡಿ, "ಮಾಶಾ ಅಲ್ಲಾಹ್, ಬಹಳ ಚೆಂದ ಇದೆ" ಎಂದರು. ಅಡುಗೆಮನೆಯ ಪರದೆಯ ಹಿಂದೆ ಜುಬೈದಾ ಕೆಮ್ಮಿದಳು. ಇನ್ನೇನು ಮಾಡುವುದು? "ತಫದ್ದಲ್, ನಿಮ್ಮದೇ" ಎಂದೆ. ನಾನು ಕೋವಿಯನ್ನು ಬೇಡ ಎಂದಂತೆ ಅವರೂ ಟಾರ್ಚನ್ನು ಬೇಡ ಎನ್ನುತ್ತಾರೆಂಬ ಧೈರ್ಯದಲ್ಲಿ ಹೇಳಿದ್ದು. ಅವರು ನನ್ನ ಹಣೆಗೆ ಮುತ್ತಿಟ್ಟರು, ಹೊಟ್ಟೆ ತುಂಬ ಬಿರಿಯಾನಿ ಉಂಡರು, ಟಾರ್ಚು ಹಿಡಿದುಕೊಂಡೇ ಹೋದರು.

ಮುಂದಿನ ವಾರ ಮಜ್ಲಿಸಿಗೆ ಹೋದರೆ, ಎರಡು ಕೋವಿಗಳ ನಡುವೆ ನನ್ನ ಟಾರ್ಚು ನೇತಾಡುತ್ತಿದೆ. ತಾಯಿಫಿನಿಂದ ಬಂದ ಅತಿಥಿಯೊಬ್ಬರು ಅದೇನೆಂದು ಕೇಳಿದರು. ಅಬೂ ಸಾಲಿಂ ಗೋಡೆಯ ಒಂದು ತುದಿಯಿಂದ ಶುರುಮಾಡಿದರು. ಇದು ದೊಡ್ಡಪ್ಪ ಕೊಟ್ಟದ್ದು, ಇದು ಸೋದರಮಾವ, ಇದು ಹಳೆಯ ಜಗಳ ಮುಗಿದ ದಿನ ಎದುರು ಪಕ್ಷದವರು ತಂದುಕೊಟ್ಟದ್ದು. ಒಂದನ್ನೂ ತಾನು ಕೊಂಡಿಲ್ಲ, ಹೊಗಳುವ ನಾಲಗೆಯೊಂದು ತನಗೆ ಹುಟ್ಟಿನಿಂದ ಬಂದಿದೆ ಎಂದರು. "ಇದು ನಮ್ಮ ಲೆಕ್ಕದವನು ಕೊಟ್ಟದ್ದು. ಅವನ ಹತ್ತಿರ ತುಂಬ ಇತ್ತು, ಅದರಲ್ಲಿ ಅತ್ಯುತ್ತಮವಾದದ್ದನ್ನೇ ಕೊಟ್ಟ." ಎಲ್ಲರೂ ನನ್ನ ಕಡೆ ಪ್ರೀತಿಯಿಂದ ನೋಡಿದರು. ನನಗೆ ನಾಚಿಕೆಯಾಯಿತು. ಅವರ ಗೋಡೆಯಲ್ಲಿರುವುದೆಲ್ಲ ಯಾರೋ ಕೊಟ್ಟದ್ದು, ನನ್ನ ಕಪಾಟಿನಲ್ಲಿರುವುದೆಲ್ಲ ನಾನು ಯಾರಿಗೂ ಕೊಡದೆ ಉಳಿದದ್ದು.

ಆ ನಾಚಿಕೆಯಲ್ಲೇ, ಅತ್ತೆ ಬಂದು ಕೂತ ಕೂಡಲೇ, ಎಲ್ಲ ಟಾರ್ಚುಗಳನ್ನು ಅವರೊಟ್ಟಿಗೆ ಊರಿಗೆ ಕಳಿಸುತ್ತೇನೆಂದು ಘೋಷಿಸಿದೆ. ಅತ್ತೆ ಒಂದನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟರು. "ಬೇಡ ಮಗಾ. ಈಗ ಎಲ್ಲರ ಮೊಬೈಲಲ್ಲೂ ಟಾರ್ಚು ಉಂಟಲ್ಲ. ರಝಾಕ ನಮಾಝಿಗೆ ಪಳ್ಳಿಗೆ ಹೋಗುದೂ ಅದನ್ನೇ ಹಿಡ್ಕೊಂಡು." ಟಾರ್ಚುಗಳು ಕಪಾಟಿಗೆ ಮರಳಿದವು, ಅತ್ತೆಯ ಬಟ್ಟೆ ಪೆಟ್ಟಿಗೆಯಲ್ಲೇ ಉಳಿಯಿತು. ನಾನು ಗೆದ್ದಿದ್ದೆ. ಆದರೆ ಅಷ್ಟು ಬೇಸರದ ಗೆಲುವನ್ನು ನಾನು ಕಂಡಿಲ್ಲ.

ಉಕ್ಕಿನ ಟಾರ್ಚಿನ ಆಸೆ ಮಾತ್ರ ಬಿಡಲಿಲ್ಲ. ಒಂದು ದಿನ ಧೈರ್ಯ ಮಾಡಿ ಗೋಡೆಯ ಕಡೆ ಕೈ ತೋರಿಸಿ, "ಆ ಟಾರ್ಚು ಎಷ್ಟು ಚೆಂದ" ಎಂದೆ. ಅಬೂ ಸಾಲಿಂ ಎದ್ದರು, ಅದನ್ನು ಇಳಿಸಿದರು, ನನ್ನ ಮುಂದೆ ಹಿಡಿದು "ತಫದ್ದಲ್" ಎಂದರು. ನಾನು ಕೈ ಚಾಚುವ ಮೊದಲೇ ನನ್ನ ಹಾಳು ಬಾಯಿ "ಬೇಡ, ಬೇಡ" ಎಂದುಬಿಟ್ಟಿತು. ನಮ್ಮ ಊರಾಗಿದ್ದರೆ ಇನ್ನೆರಡು ಸಲ ಒತ್ತಾಯ ಮಾಡುತ್ತಿದ್ದರು. ಅಬೂ ಸಾಲಿಂ ನಿಟ್ಟುಸಿರು ಬಿಟ್ಟು ಅದನ್ನು ಮೊಳೆಗೆ ಸಿಕ್ಕಿಸಿದರು.

"ಹಾಗಾದ್ರೆ ನೀವು ಅದನ್ನು ನಿಜವಾಗಿ ಕೊಟ್ಟದ್ದು ಇವತ್ತು" ಎಂದಳು ಮನೆಯಲ್ಲಿ ಈ ಕಥೆ ಕೇಳಿದ ಜುಬೈದಾ.

ಆ ಮಾತು ನನ್ನ ಮನಸ್ಸಿಗೆ ನಾಟಿತು. ಇನ್ನು ಮುಂದೆ ಯಾರಿಗೆಂದು ಕೊಂಡೆನೋ ಅವರಿಗೆ ಕೊಟ್ಟೇಬಿಡಬೇಕೆಂದು ನಿರ್ಧರಿಸಿದೆ. ಜಿದ್ದಾದಲ್ಲಿ ಅತ್ತೆಯನ್ನು ವಿಮಾನ ಹತ್ತಿಸಿ ಹಿಂತಿರುಗುವಾಗ ಅಲ್ಲಿನ ಶರಫಿಯಾ ಪೇಟೆಯ ಅಂಗಡಿಯೊಂದರಲ್ಲಿ ಅಂಥದ್ದೇ ಉಕ್ಕಿನ ಟಾರ್ಚು ಕಂಡಿತು. ಈಗ ಅದು ಕಪಾಟಿನ ಖಾಲಿ ಜಾಗದಲ್ಲಿ ಸರಿಯಾಗಿ ಕೂತಿದೆ. ರಝಾಕನಿಗೆಂದೇ ತಂದದ್ದು.