ಕಿವಿಗೆ ಬಿದ್ದದ್ದು ಕಾಲಿಗೆ ಬಂತು

ನೋವು ಹೊತ್ತು ಬಂದವರು ನಮ್ಮನ್ನು ನಗಿಸಿ ಹೋಗುವುದು ನನ್ನ ಕೆಲಸದಲ್ಲಿ ವಾರಕ್ಕೊಮ್ಮೆಯಾದರೂ ನಡೆದೇ ನಡೆಯುತ್ತದೆ. ನಾನು ಫಿಜಿಯೋಥೆರಪಿಸ್ಟ್. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಎರಡು ಕೋಣೆಯ ಸಣ್ಣ ಕ್ಲಿನಿಕ್ ಇದೆ. ಬುಧವಾರ ಮಾತ್ರ ಕಮಲಾಪುರಕ್ಕೆ ಹೋಗಿ ಅಲ್ಲಿನ ಒಂದು ಸಮುದಾಯ ಭವನದಲ್ಲಿ ಕೂರುತ್ತೇನೆ. "ಕೈ ಎತ್ರಿ, ಕಾಲು ಮಡಚ್ರಿ, ಉಸುರು ಬಿಡ್ರಿ" ಅನ್ನುತ್ತಲೇ ಹದಿನೆಂಟು ವರ್ಷ ಕಳೆದವು. ನಮ್ಮ ಕಡೆ ಮೇಡಂಗೆ 'ಬಾಯಿ' ಅನ್ನುತ್ತಾರೆ, ಹಾಗಾಗಿ ಎಲ್ಲರಿಗೂ ನಾನು ಬಾಯಿ.

ನೋವಿದ್ದವರ ಮೈ ಬಿಗಿದುಕೊಂಡಿರುತ್ತದೆ. ಮನಸ್ಸು ಸಡಿಲಾಗದೆ ಮೈ ಸಡಿಲಾಗುವುದಿಲ್ಲ. ಅದಕ್ಕೇ ಕ್ಲಿನಿಕ್ಕಿನಲ್ಲಿ ಸಂಗೀತ ಹಾಕಿದರೆ ಹೇಗೆ ಎಂದು ಒಂದು ದಿನ ಹೊಳೆಯಿತು. ಯಾರಿಗೆ ಯಾವ ಸಂಗೀತ ಹಿತ ಅನ್ನುವುದು ನನಗೆ ಗೊತ್ತಿದೆ ಅಂತಲೇ ಆಗ ತಿಳಿದಿದ್ದೆ. ಗೊತ್ತಿಲ್ಲ ಅನ್ನುವುದನ್ನು ಪೇಷಂಟುಗಳೇ ಒಬ್ಬೊಬ್ಬರಾಗಿ ಕಲಿಸಿದರು.

ಶಾಂತಿಯ ಕೊಳಲು

ಮೊದಲು ತಂದದ್ದು ಕೊಳಲು. ಕಪಾಟಿನ ಮೇಲೆ ಸಣ್ಣ ಸ್ಪೀಕರ್ ಇಟ್ಟು, ಹಿಂದೆ ಝರಿ ಹರಿಯುವ ಸದ್ದಿರುವ ಕೊಳಲಿನ ಸಂಗೀತ ಹಾಕಿದೆ. ಎಲ್ಲರೂ ಛಲೋ ಅದ ಅಂದರು, ಒಬ್ಬರನ್ನು ಬಿಟ್ಟು. ಅವರೊಬ್ಬ ನಿವೃತ್ತ ಗುಮಾಸ್ತರು, ಕುತ್ತಿಗೆ ನೋವು. ಕುತ್ತಿಗೆಗೆ ಶಾಖ ಇಟ್ಟು, ಕೊಳಲು ಹಚ್ಚಿ, ಕಣ್ಣು ಮುಚ್ಚಿ ಆರಾಮಾಗಿ ಮಲಗಿ ಎಂದು ಹೇಳಿ ಹತ್ತು ನಿಮಿಷ ಬಿಟ್ಟು ಬಂದರೆ, ಮುಖ ಕೆಂಪಗಾಗಿರುತ್ತಿತ್ತು. ಹಲ್ಲು ಕಚ್ಚಿಕೊಂಡಿರುತ್ತಿದ್ದರು. ಬಂದಾಗ ಇದ್ದುದಕ್ಕಿಂತ ಕುತ್ತಿಗೆ ಇನ್ನೂ ಬಿಗಿ. ಮೂರು ದಿನವೂ ಇದೇ ಆಯಿತು. ಬಿಪಿ ನೋಡಿದರೆ ಅದೂ ಮೇಲಕ್ಕೇ ಏರಿತ್ತು.

ನಾಲ್ಕನೆಯ ದಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಒಂದು ರಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ವಲ್ಪ ಬಿಡುವಿರುತ್ತದೆ. ಕೊಳಲು ನಿಂತದ್ದೇ ತಡ, ಅವರು ಅರ್ಧ ಎದ್ದು, "ಹಲೋ, ಹಲೋ, ಕಟ್ ಮಾಡಬ್ಯಾಡ್ರಿ, ಇಪ್ಪತ್ತು ನಿಮಿಷದಿಂದ ಕಾಯಾಕತ್ತೀನಿ" ಅಂದರು.

ವಿಚಾರಿಸಿದರೆ, ಅವರ ಮನೆಯ ಎಸಿ ಕೆಟ್ಟು ಎರಡು ತಿಂಗಳಾಗಿತ್ತು. ಅದೂ ನಮ್ಮ ಕಲಬುರಗಿಯ ಏಪ್ರಿಲ್-ಮೇ ತಿಂಗಳಲ್ಲಿ.

"ಕಂಪನಿಗೆ ದಿನಾ ಫೋನ್ ಹಚ್ತೀನ್ರಿ. ಮಾತಾಡೋರು ಯಾರೂ ಇಲ್ಲ. ಒಂದು ಒತ್ರಿ, ಎರಡು ಒತ್ರಿ ಅಂತಾರ, ಆಮ್ಯಾಲ ಇದೇ ಕೊಳಲು ಊದ್ತಾರ. ಕೇಳಿದ ಕೂಡಲೆ ಮೈಯಾಗ ಬೆಂಕಿ ಬೀಳ್ತದ."

ಕೊಳಲು ಆರಿಸಿದೆ. "ಮತ್ತೇನು ಹಾಕಲ್ರಿ ಕಾಕಾ?" ಎಂದು ಕೇಳಿದೆ.

"ಏನೂ ಬ್ಯಾಡ್ರಿ. ನೀವು ಎರಡು ಮಾತಾಡ್ರಿ ಸಾಕು."

ಮಾತಾಡಿದೆ. ಅಂದರೆ, ಅವರು ಮಾತಾಡಿದರು, ನಾನು ಹೂಂ ಅಂದೆ. ಎರಡು ವಾರಕ್ಕೆ ಕುತ್ತಿಗೆ ಬೇಕಾದ ಕಡೆ ತಿರುಗತೊಡಗಿತು. ಕೊನೆಯ ದಿನ ಬಾಗಿಲಲ್ಲಿ ನಿಂತು, "ನನ್ನ ಕಂಪ್ಲೇಂಟು ಪೂರಾ ಕೇಳಿದವ್ರು ನೀವೊಬ್ಬರೇ ನೋಡ್ರಿ. ಎಸಿ ರಿಪೇರಿನೂ ನೀವೇ ಕಲ್ತಿದ್ರ ಭಾಳ ಛಲೋ ಇತ್ತು" ಎಂದು ಹೇಳಿ ಹೋದರು.

ಬೇರಿಂಗಿನ ಅಳು

ಇನ್ನು ಸಂಗೀತವೇ ಬೇಡ, ಮೌನವೇ ಮದ್ದು ಎಂದುಕೊಂಡೆ. ಆ ವಾರವೇ ಕಪನೂರಿನ ಒಂದು ಬೇಳೆ ಮಿಲ್ಲಿನ ಮಿಸ್ತ್ರಿ ಬಂದರು. ಮೂವತ್ತು ವರ್ಷ ಮಷಿನ್ ರಿಪೇರಿ ಮಾಡಿದ ಭುಜ, ಎರಡೂ ಕಿವಿಯ ತನಕ ಏರಿ ಕೂತಿತ್ತು. ಫ್ಯಾನು ಸಹ ಸಣ್ಣಗೆ ಮಾಡಿ, ಪರದೆ ಎಳೆದು ಮಲಗಿಸಿದೆ. ಭುಜ ಇಳಿಯಲಿಲ್ಲ, ಇನ್ನೂ ಮೇಲಕ್ಕೆ ಹೋಯಿತು.

"ಏನಾಗ್ತದ ಮಿಸ್ತ್ರಿಯವ್ರೆ?"

"ಇಷ್ಟು ಶಾಂತ ಇದ್ರ ಎದಿ ಡವಡವ ಅಂತದ್ರಿ. ಮಷಿನ್ ನಿಂತಾಗಷ್ಟೇ ನಮ್ಮ ಮಿಲ್ಲಿನಾಗ ಶಾಂತ ಆಗ್ತದ. ನಿಂತ್ರ ಎಲ್ಲಾರೂ ನನ್ನ ಮಾರಿ ನೋಡ್ತಾರ."

ಮರುದಿನ ಅವರೇ ಒಂದು ಉಪಾಯ ತಂದರು. ಬರುವ ಮೊದಲು ಮಿಲ್ಲಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ತಲೆದಿಂಬಿನ ಪಕ್ಕ ಇಟ್ಟು ಹಚ್ಚಿದೆವು. ಗಡಗಡ ಗಡಗಡ ಎಂದು ಕೋಣೆ ತುಂಬ ಸದ್ದು. ನನಗೆ ತಲೆ ಸಿಡಿಯಿತು. ಅವರ ಭುಜ ಮಾತ್ರ ನಾದಿದ ಹಿಟ್ಟಿನ ಹಾಗೆ ಮೆತ್ತಗಾಗಿ ಹಾಸಿಗೆಗೆ ಇಳಿಯಿತು. ಮುಖದಲ್ಲಿ, ಮಗು ನಿದ್ದೆಯಲ್ಲಿ ನಗುತ್ತದಲ್ಲ, ಅಂಥ ನಗು. ದಿನವೂ ಬೆಳಿಗ್ಗೆ ಹೊಸ ರೆಕಾರ್ಡಿಂಗ್ ತರುತ್ತಿದ್ದರು. ಹಳೆಯದು ಕೇಳಿದರೆ ಬೇಸರ ಬರುತ್ತದಂತೆ.

ಏಳನೆಯ ದಿನ ಸದ್ದಿನ ನಡುವೆ ಥಟ್ಟನೆ ಕಣ್ಣು ಬಿಟ್ಟರು. "ಕೇಳ್ರಿ ಇಲ್ಲಿ" ಅಂದರು.

ಕೇಳಿದೆ. ಗಡಗಡ ಬಿಟ್ಟರೆ ನನಗೆ ಏನೂ ಕೇಳಲಿಲ್ಲ.

"ಮೂರನೇ ಮಷಿನ್ ರಿ. ಒಳಗ ಬೇರಿಂಗ್ ಅಳಾಕತ್ತದ."

ಮಲಗಿದಲ್ಲಿಂದಲೇ ಮಿಲ್ಲಿಗೆ ಫೋನ್ ಮಾಡಿ ಮಷಿನ್ ನಿಲ್ಲಿಸಲು ಹೇಳಿದರು. ಅರ್ಧ ಗಂಟೆಗೆ ಆ ಕಡೆಯಿಂದ ಫೋನ್ ಬಂತು. ಬಿಚ್ಚಿ ನೋಡಿದರೆ ಬೇರಿಂಗ್ ಸೀಳಿತ್ತಂತೆ. ಹಾಗೇ ಓಡಿದ್ದರೆ ಪಕ್ಕದಲ್ಲಿ ನಿಂತು ಬೇಳೆ ಹಸನು ಮಾಡುವ ಹೆಣ್ಣುಮಕ್ಕಳ ಮೇಲೆ ಮಷಿನ್ ತಿರುಗಿಸುವ ಪಟ್ಟಾ ಹರಿದು ಬೀಳುತ್ತಿತ್ತು. ನಾನು ನಾಲ್ಕು ವರ್ಷ ಹಾರ್ಮೋನಿಯಂ ಕಲಿತವಳು. ಇಂಥ ಕಿವಿ ನನಗೆ ಬರಲಿಲ್ಲವಲ್ಲ ಎಂದು ಅವರ ಮುಖವನ್ನೇ ನೋಡುತ್ತ ನಿಂತೆ.

ಅಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು ಪರದೆ ಸರಿಸಿ ಇಣುಕಿದಳು. "ಬಾಯಿಯವ್ರೆ, ಗಿರಣಿ ಯಾವಾಗ ಹಾಕಿದ್ರಿ? ಮೊದಲೇ ಹೇಳಿದ್ರ ಜ್ವಾಳ ತರ್ತಿದ್ನಲ್ರಿ."

ನಮ್ಮ ಮನೆಯ ಹಾಲು

ಊರವರದ್ದೆಲ್ಲ ಹೇಳಿ ನನ್ನದು ಬಿಟ್ಟರೆ ತಪ್ಪಾಗುತ್ತದೆ. ಒಂದು ಸಂಜೆ ಅಡುಗೆ ಮಾಡುತ್ತ, ಈ ಮಿಸ್ತ್ರಿಯ ಕಥೆ ಹೇಳಿ, ಸದ್ದಿಗೂ ಮನಸ್ಸಿಗೂ ಎಂಥ ನಂಟು ನೋಡಿ ಎಂದು ಗಂಡನಿಗೆ ಪಾಠ ಮಾಡುತ್ತಿದ್ದೆ. ಅವರು ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಾರೆ. ಮಾತು ಕಡಿಮೆ.

"ನನಗ ಗೊತ್ತದ. ನೀ ಸಿಟ್ಟಿನಾಗ ಇದ್ದಾಗ ಒಂದು ರಾಗ ಗುನುಗ್ತಿ" ಅಂದರು.

"ನಾನಾ? ಯಾವ ರಾಗ?"

"ಹೆಸರು ಗೊತ್ತಿಲ್ಲ. ಮದುವಿಯಾದ ಎರಡನೇ ತಿಂಗಳಿಂದ ಕೇಳಾಕತ್ತೀನಿ. ಅದು ಶುರು ಆತಂದ್ರ ನಾ ಹಾಲು ತರಾಕ ಹೋಗಿಬಿಡ್ತೀನಿ. ವಾಪಸ್ ಬರೂದ್ರೊಳಗ ರಾಗ ಬದಲಾಗಿರ್ತದ."

ಹದಿನಾರು ವರ್ಷದಿಂದ ನಮ್ಮ ಮನೆಯಲ್ಲಿ ಇಷ್ಟು ಪಾಯಸ ಯಾಕೆ ಆಗುತ್ತದೆ ಅನ್ನುವುದು ಅವತ್ತು ಗೊತ್ತಾಯಿತು.

ಬೀಗತಿಗೊಂದು ಹಾಡು

ಐವಾನ್-ಎ-ಶಾಹಿ ಕಡೆಯಿಂದ, ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬರು ಬರುತ್ತಿದ್ದರು. ಉರ್ದು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಎರಡು ತಿಂಗಳು ಏನೆಲ್ಲ ಮಾಡಿಸಿದರೂ ಒಂದು ಬೆರಳಿನಷ್ಟೂ ಮುಂದೆ ಹೋಗಲಿಲ್ಲ. ಜೊತೆಗೆ ಬರುವ ಮಗಳು ಒಂದು ದಿನ ಹೊರಗೆ ಕರೆದು ಹೇಳಿದಳು: ಮೊದಲು ಮೊಹಲ್ಲಾದಲ್ಲಿ ಯಾರ ಮದುವೆಯಾದರೂ ಢೋಲಕ್ ಹಿಡಿದು ಹಾಡಲು ಅಮ್ಮನೇ ಬೇಕಿತ್ತು, ಅಪ್ಪ ಹೋದ ಮೇಲೆ ಒಂದೂವರೆ ವರ್ಷದಿಂದ ಢೋಲಕ್ ಮುಟ್ಟಿಲ್ಲ, ಈಗ ಮೊಮ್ಮಗಳ ಮದುವೆ ಗೊತ್ತಾಗಿದೆ, ಆದರೂ ಕಪಾಟಿನ ಮೇಲಿನಿಂದ ಇಳಿಸಲು ಬಿಡುತ್ತಿಲ್ಲ.

ಢೋಲಕ್ಕನ್ನು ಇಲ್ಲಿಗೇ ತಾ ಎಂದೆ.

ತಂದಳು. ಖಾಲಾ ಮುಖ ತಿರುಗಿಸಿದರು. "ಕೈನೇ ಏಳವಲ್ದು ಬೇಟಿ, ಢೋಲಕ್ ಯಾರು ಬಾರಿಸ್ತಾರ?"

"ನಾನೇ ಬಾರಿಸ್ತೀನಿ" ಎಂದು ಮಗಳು ಶುರು ಮಾಡಿದಳು. ತಾಳ ಎಲ್ಲಿ ಬೀಳುತ್ತದೆ, ಎಲ್ಲಿ ಏಳುತ್ತದೆ ಒಂದೂ ತಿಳಿಯದು. ಖಾಲಾ ಒಂದು ನಿಮಿಷ ತಡೆದುಕೊಂಡರು. ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿದ ಜೀವ, ಎಷ್ಟು ಹೊತ್ತು ತಡೆದೀತು? "ಇಲ್ಲಿ ಕೊಡು" ಎಂದು ಕಸಿದುಕೊಂಡರು. ಬಾರಿಸಿದರು. ಆಮೇಲೆ ಸಣ್ಣ ದನಿಯಲ್ಲಿ ಹಾಡೂ ಬಂತು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ತಾಯಿಯನ್ನು ಕಿಚಾಯಿಸುವ ಹಾಡು. ಬೀಗತಿ ಬಿರಿಯಾನಿಗೆ ಉಪ್ಪು ಮರೆತಳು, ನೆಂಟರು ಊಟ ಮರೆತು ಓಡಿದರು, ಇಂಥದ್ದು.

ಖಾಲಾ ಅವರ ಆರೋಗ್ಯ ವಿಚಾರಿಸಲು ಅವತ್ತೇ, ಹಾಡು ನಡೆದಿರುವಾಗಲೇ, ಮೊಮ್ಮಗಳಿಗೆ ಗೊತ್ತಾದ ಗಂಡಿನ ತಾಯಿ ಹಣ್ಣು ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದರು. ಬಾಗಿಲಲ್ಲಿ ಆಕೆಯನ್ನು ಕಂಡದ್ದೇ, ಖಾಲಾ ದನಿ ಏರಿತು. "ಅಗೋ ಬಂದಳು ನೋಡಿ ಉಪ್ಪು ಮರೆತವಳು" ಅನ್ನುವ ಅರ್ಥದ ಸಾಲು ಬಂದಾಗ ಬಲಗೈ ಎತ್ತಿ ಆಕೆಯ ಕಡೆ ತೋರಿಸಿದರು. ಕೈ ಭುಜ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ನಿಂತಿತು.

"ಖಾಲಾ, ಕೈ" ಅಂದೆ.

ಅವರು ತಮ್ಮ ಕೈಯನ್ನು ಬೇರೆ ಯಾರದೋ ಅನ್ನುವ ಹಾಗೆ ತಲೆ ಎತ್ತಿ ನೋಡಿದರು. ಮಗಳು ಅಳುತ್ತಿದ್ದಳು. ಖಾಲಾ ಕಣ್ಣಲ್ಲೂ ನೀರು. ಗಂಡಿನ ತಾಯಿ ಮಾತ್ರ ಹಣ್ಣಿನ ಚೀಲ ಕೆಳಗಿಟ್ಟು ಸಾವಕಾಶ ಹೇಳಿದರು: "ನನ್ನ ಬೈದ್ರ ಕೈ ಆರಾಮ ಆಗ್ತದಂದ್ರ ನಾ ದಿನಾ ಬರ್ತೀನಿ. ಜರಾ ಕುರ್ಚಿ ಕೊಡ್ರಿ. ಅಂದಂಗ, ಉಪ್ಪು ನಾ ಮರತಿಲ್ಲ."

ಹತ್ತು ಹೆಜ್ಜೆ, ಒಂದು ಕುಣಿತ

ಇದು ಕಮಲಾಪುರದ್ದು. ಮುತ್ಯಾ, ಅಂದರೆ ಅಜ್ಜ, ಒಬ್ಬರು ನಲವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸಿದವರು. ಲಕ್ವಾ ಹೊಡೆದು ಎಡಭಾಗ ಬಿದ್ದಿತ್ತು. ಕೈಕಾಲಿಗೆ ಶಕ್ತಿ ಮರಳಿ ಬಂದಿತ್ತು, ನಿಲ್ಲುತ್ತಿದ್ದರು. ಆದರೆ ಹೆಜ್ಜೆ ಎತ್ತಬೇಕು ಅಂದರೆ ಕಾಲು ನೆಲಕ್ಕೆ ಅಂಟಿಕೊಂಡಂತೆ ಆಗುತ್ತಿತ್ತು. ಮಾತೂ ಹೆಚ್ಚುಕಡಿಮೆ ಬಿಟ್ಟಿದ್ದರು. ಹೆಂಡತಿ, ಅಂದರೆ ಆಯಿ, ಪ್ರತಿ ಬುಧವಾರ ಆಟೋದಲ್ಲಿ ಕರೆತರುತ್ತಿದ್ದಳು. ತಲೆ ತುಂಬ ಸೆರಗು, ಕೇಳಿದ್ದಕ್ಕಷ್ಟೇ ಉತ್ತರ.

"ಬಿಡ್ರಿ ಬಾಯಿ. ಇನ್ನ ನನ್ನ ಮೆರವಣಿಗಿ ಮಲಗಿಸಿ ಒಯ್ಯೋದೇ" ಎಂದು ಮುತ್ಯಾ ಒಮ್ಮೆ ಹೇಳಿದಾಗ ನನಗೆ ಊಟ ಸೇರಲಿಲ್ಲ.

ತಾಳ ಕೇಳಿದರೆ ಇಂಥವರ ಕಾಲು ಎಷ್ಟೋ ಸಲ ಏಳುತ್ತದೆ. ನಾನು ಒಂದು-ಎರಡು ಎಂದು ಚಪ್ಪಾಳೆ ತಟ್ಟಿದೆ. ಮುತ್ಯಾ ಕಣ್ಣು ಮುಚ್ಚಿ, "ತಾಳ ತಪ್ಪಾಕತ್ತದ್ರಿ" ಅಂದರು.

ಆಗ ಆಯಿ ಬುತ್ತಿ ತಂದಿದ್ದ ಸ್ಟೀಲ್ ಡಬ್ಬಿಯನ್ನು ಬೋರಲು ಹಾಕಿ, ಬೆರಳ ಗಿಣ್ಣಿನಿಂದ ಬಾರಿಸತೊಡಗಿದಳು. ಬ್ಯಾಂಡಿನವರು ಅಂಗಳದಲ್ಲಿ ಪ್ರ್ಯಾಕ್ಟೀಸು ಮಾಡುವಾಗ ಒಳಗೆ ರೊಟ್ಟಿ ಬಡಿಯುತ್ತ ನಲವತ್ತು ವರ್ಷ ಕೇಳಿದ ತಾಳ ಅದು. ಮುತ್ಯಾನ ಎಡಗಾಲು ಎದ್ದಿತು. ಒಂದು, ಎರಡು, ಮೂರು. ಹತ್ತು ಹೆಜ್ಜೆ ಹಾಕಿ ಗಕ್ಕನೆ ನಿಂತುಬಿಟ್ಟರು. ಎಷ್ಟು ಬಾರಿಸಿದರೂ ಮುಂದೆ ಇಲ್ಲ.

"ಸುಸ್ತಾತೇನ್ರಿ ಮುತ್ಯಾ?"

"ಸುಸ್ತಲ್ರಿ. ಮೆರವಣಿಗಿ ಹತ್ತು ಹೆಜ್ಜಿಗೊಮ್ಮೆ ನಿಲ್ತದ. ಮಂದಿ ಕುಣೀಬೇಕು. ಆಮ್ಯಾಲ ಮುಂದ."

ಭವನದಲ್ಲಿದ್ದ ಉಳಿದ ನಾಲ್ಕೂ ಜನ ಮೊಣಕಾಲು ಹಿಡಿದುಕೊಂಡು ಬಂದವರು. ಹಾಗಾಗಿ ನಾನೇ ಕುಣಿದೆ. ಮುತ್ಯಾ ನೋಡಿ, "ನೀವು ವ್ಯಾಯಾಮ ಮಾಡಾಕತ್ತೀರಿ ಬಾಯಿ, ಇದು ಕುಣಿತ ಅಲ್ಲ" ಅಂದರು.

ಆಯಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾಲ್ಕೇ ಹೆಜ್ಜೆ ಕುಣಿದಳು, ಆದರೆ ಎಂಥ ಹೆಜ್ಜೆ. ಮುತ್ಯಾ ಮುಂದೆ ನಡೆದರು.

"ನಲವತ್ತು ವರ್ಷ ಊರ ಮಂದೀನೆಲ್ಲ ಕುಣಿಸ್ಯಾರ್ರಿ. ನನ್ನ ಕುಣಿಸಾಕ ಇವ್ರಿಗಿ ಲಕ್ವಾ ಹೊಡೀಬೇಕಾತು ನೋಡ್ರಿ" ಅಂದಳು ಆಯಿ.

ಅಲ್ಲಿಂದ ಬುಧವಾರಗಳು ಮದುವೆಮನೆಯಾದವು. ಮೊದಲು ಭವನದ ಉದ್ದ, ಆಮೇಲೆ ಅಂಗಳ, ಆರನೆಯ ವಾರ ರಸ್ತೆಯ ತನಕ. ಅಲ್ಲಿ ಕೆಂಪು ಬಾಳೆಹಣ್ಣು ಮಾರುವ ಹೆಂಗಸರು ವ್ಯಾಪಾರ ಬಿಟ್ಟು ಆಯಿಯ ಕುಣಿತಕ್ಕೆ ಚಪ್ಪಾಳೆ ಹೊಡೆದರು. ಮುತ್ಯಾ ಈಗ ಎಲ್ಲರ ಜೊತೆ ಮಾತಾಡುತ್ತಿದ್ದರು, ನನ್ನ ತಾಳ ತಿದ್ದುತ್ತಿದ್ದರು.

ಮುಂದಿನ ವಾರ ನಾನು ಸ್ವಲ್ಪ ಬೇಗ ಹೋದೆ. ಅವರ ಆಟೋ ಬಂದು ನಿಂತಿತು, ಆಯಿ ಇಳಿದು ನೀರು ತರಲು ಹೋದಳು. ಕಿಟಕಿಯಿಂದ ನೋಡುತ್ತೇನೆ, ಮುತ್ಯಾ ಆಟೋದಿಂದ ಇಳಿದು, ಡಬ್ಬಿಯಿಲ್ಲ, ತಾಳವಿಲ್ಲ, ಎಲ್ಲೂ ನಿಲ್ಲದೆ ಬಾಗಿಲ ತನಕ ಬಂದರು. ನನ್ನನ್ನು ನೋಡಿ ಗಾಬರಿಯಾದರು.

"ಎಂಟು ದಿನ ಆತ್ರಿ ಹಿಂಗ ನಡ್ಯಾಕತ್ತು. ಆಕಿಗಿ ಹೇಳಬ್ಯಾಡ್ರಿ ಬಾಯಿ, ಕುಣಿಯೂದು ಬಿಟ್ಟುಬಿಡ್ತಾಳ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೂ ಆಯಿಯ ವಯಸ್ಸು ನೆನೆದು ಮನಸ್ಸು ತಡೆಯಲಿಲ್ಲ. ಸಂಜೆ ಹೊರಡುವಾಗ ಮೆಲ್ಲಗೆ ಕೇಳಿದೆ: "ಆಯಿ, ಕುಣಿದು ಕುಣಿದು ನಿಮಗ ಕಾಲು ನೋಯ್ತಾವೇನು? ಹತ್ತರ ಬದಲಿ ಇಪ್ಪತ್ತು ಹೆಜ್ಜಿಗೊಮ್ಮೆ ಮಾಡೋಣೇನು?"

ಆಯಿ ಆಟೋದಲ್ಲಿ ಕೂತಿದ್ದ ಮುತ್ಯಾನ ಕಡೆ ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ಬ್ಯಾಡ್ರಿ ಬಾಯಿ, ಹತ್ತೇ ಇರಲಿ. ಮನ್ಯಾಗ ರೊಟ್ಟಿ ವಾಸನಿ ಬಂದ್ರ ಹಾಸಿಗಿಂದ ಒಲಿ ತನಕ ಎಲ್ಲೂ ನಿಲ್ಲದ ಬರ್ತಾರ, ನನಗ ಗೊತ್ತದ. ಅವ್ರಿಗಿ ಮಾತ್ರ ಹೇಳಬ್ಯಾಡ್ರಿ. ಇನ್ನೂ ಎರಡು ಹೊಸ ಹೆಜ್ಜಿ ತೋರಿಸೂದದ."