ಸೆಲ್ವಿಗೆ ಹೇಳದ ಶಹಭಾಸ್

ಪುಕ್ಕಟೆಯಾಗಿ ಪಾಠ ಹೇಳುವವರಿಗೆ ಒಂದು ಬಗೆಯ ಅಹಂಕಾರ ಅಂಟಿಕೊಳ್ಳುತ್ತದೆ. ಯಾಕೆ ಹೀಗೆ ಎಂದು ಕೇಳುವವರೇ ಇರುವುದಿಲ್ಲವಲ್ಲ. ನಿವೃತ್ತನಾದ ಮೇಲೆ ಜೀವನ್ ಬಿಮಾ ನಗರದ ಮನೆಯಲ್ಲಿ ದಿನವಿಡೀ ಪಿಟೀಲು ಕುಯ್ಯುತ್ತಿದ್ದ ನನಗೆ ನನ್ನ ಹೆಂಡತಿ, ಇಷ್ಟು ಚೆನ್ನಾಗಿ ನುಡಿಸುತ್ತೀರಿ, ನಾಲ್ಕು ಮಕ್ಕಳಿಗೂ ಕಲಿಸಿ ಎಂದಳು. ಮನೆಯಿಂದ ಆಚೆ ಎಂಬ ಮಾತನ್ನು ಮಾತ್ರ ನುಂಗಿಕೊಂಡಳು. ಹಾಗಾಗಿ ಲಿಂಗರಾಜಪುರದಲ್ಲಿ, ಪರಿಚಯದವರೊಬ್ಬರ ಮಹಡಿಯ ಕೋಣೆಯಲ್ಲಿ, ಶಾಲೆ ಬಿಟ್ಟ ಮೇಲಿನ ನನ್ನ ಉಚಿತ ಸಂಗೀತ ತರಗತಿ ಶುರುವಾಯಿತು. ಅವರಿವರು ಕೊಟ್ಟ ಹಳೆಯ ಪಿಟೀಲುಗಳು, ಅಕ್ಕಪಕ್ಕದ ಓಣಿಗಳ ಹತ್ತು ಮಕ್ಕಳು.

ಅವರಲ್ಲಿ ಸೆಲ್ವಿಗೆ ಹದಿಮೂರು ವರ್ಷ. ಅವಳ ತಾಯಿ ಕಲ್ಯಾಣ ನಗರದ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ನಾಲ್ಕೇ ತಿಂಗಳಲ್ಲಿ ಆ ಹುಡುಗಿಯ ಕೈಯಲ್ಲಿ, ನಲವತ್ತು ವರ್ಷ ಒದ್ದಾಡಿದರೂ ನನಗೆ ಒಲಿಯದ ನಾದ ಬರತೊಡಗಿತು. ಒಂದು ದಿನ ನಾನು ನುಡಿಸುತ್ತಿದ್ದಾಗ ಅವಳು ಮೆಲ್ಲಗೆ, "ಸಾರ್, ಆ ಗಾಂಧಾರ ಸ್ವಲ್ಪ ಮೇಲೆ ಹೋಯ್ತಾ?" ಎಂದಳು. ಹೋಗಿತ್ತು. ತಂತಿ ಜಾಸ್ತಿ ಬಿಗಿಯಾಗಿದೆ ಎಂದು ಹೇಳಿ ಮಾನ ಉಳಿಸಿಕೊಂಡೆ.

ಅಂದಿನಿಂದ ಅವಳ ಮಣಿಕಟ್ಟು ನನ್ನ ಕಣ್ಣಿಗೆ ಸೊಟ್ಟಗೆ ಕಾಣತೊಡಗಿತು. ಉಳಿದವರಿಗೆಲ್ಲ ಗೀತೆ ಕಲಿಸಿದೆ. ಅವಳನ್ನು ಮಾತ್ರ ಮೊದಲ ಪಾಠವಾದ ಸರಳೆ ವರಸೆಯಲ್ಲೇ ಕೂರಿಸಿದೆ. ಅವಳು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಬುನಾದಿ ಗಟ್ಟಿ ಮಾಡುತ್ತಿದ್ದೇನೆಂದು ಹೆಂಡತಿಯ ಮುಂದೆ ಕೊಚ್ಚಿಕೊಂಡಾಗ, ಮನೆ ಕಟ್ಟುವುದು ಯಾವಾಗ ಎಂದು ಕೇಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ತಾಯಿ ಮಗಳು ಒಟ್ಟಿಗೆ ಬಂದರು. ಹೊಸಕೋಟೆ ಕಡೆ ಕೆಲಸ ಸಿಕ್ಕಿದೆಯಂತೆ, ಅಂದೇ ಹೊರಡುತ್ತಾರಂತೆ. ಪಿಟೀಲು ಅವಳ ಹತ್ತಿರವೇ ಇರಲಿ ಎಂದೆ. ತಾಯಿ ಒಪ್ಪಲಿಲ್ಲ. "ಅಲ್ಲಿ ಒಂದೇ ಶೆಡ್ಡಲ್ಲಿ ಎರಡು ಸಂಸಾರ ಸಾರ್. ಮುರಿದು ಹೋಗುತ್ತೆ. ಇಲ್ಲಿ ಇನ್ನೊಂದು ಮಗೂಗೆ ಆಗ್ಲಿ."

ಆ ಹುಡುಗಿಗೆ ಒಂದು ಹಾಡನ್ನೂ ಕಲಿಸದೆ ಕಳಿಸುತ್ತಿದ್ದೆ. ಗೀತೆಯ ಮೊದಲ ಸಾಲನ್ನಾದರೂ ಹೇಳಿಕೊಡುತ್ತೇನೆ, ಕೂತುಕೋ ಎಂದೆ.

"ಬರುತ್ತೆ ಸಾರ್," ಎಂದಳು ಸೆಲ್ವಿ, ತಪ್ಪು ಮಾಡಿದವಳ ಹಾಗೆ. "ಬೇರೆಯವರಿಗೆ ಹೇಳ್ಕೊಡೋವಾಗ ಕೇಳಿಸ್ಕೊಂಡೆ."

ಕೊನೆಯವರೆಗೂ ನುಡಿಸಿದಳು. ನಾನು ಎಡವುವ ಜಾಗಗಳಲ್ಲೂ ಅವಳು ಎಡವಲಿಲ್ಲ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಶಹಭಾಸ್ ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು. ಬಾಯಿಂದ ಹೊರಟದ್ದು ಮಾತ್ರ, "ಬಸ್ಸಿಗೆ ಹೊತ್ತಾಯ್ತು, ಹೊರಡಿ."

ಅವಳು ಪಿಟೀಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ನನ್ನ ಕಾಲು ಮುಟ್ಟಿ ಹೋದಳು. ತಾಯಿ ಕೊಟ್ಟ ಫೋನ್ ನಂಬರಿಗೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ಈಗ ತರಗತಿಯಲ್ಲಿ ಯಾರು ಹೇಗೆ ನುಡಿಸಿದರೂ ಶಹಭಾಸ್ ಎನ್ನುತ್ತೇನೆ. ಶ್ರುತಿ ಬೀದಿಗೆ ಬಿದ್ದರೂ ಶಹಭಾಸ್. ಮೊನ್ನೆ ಮೆಟ್ಟಿಲಿಳಿಯುತ್ತಾ ಒಬ್ಬ ಪುಟ್ಟ ಹುಡುಗಿ ಗೆಳತಿಗೆ ಹೇಳುತ್ತಿದ್ದಳು: "ಪಾಪ ಕಣೇ, ಸಾರ್‌ಗೆ ಕಿವಿ ಪೂರ್ತಿ ಹೋಗ್ಬಿಟ್ಟಿದೆ."